ಅಡುಗೆ ಕಟ್ಟೆಗೆ ಒಂದು ಮೀಟರ್ ಪವರ್ ಟ್ರ್ಯಾಕ್: ಆಯ್ಕೆಯಿಂದ ಟೆಸ್ಟಿಂಗ್‌ವರೆಗೆ

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟೊಂದರ ಅಡುಗೆಮನೆ. ಕಟ್ಟೆ ಹನ್ನೊಂದು ಅಡಿ ಉದ್ದ. ಅಷ್ಟಕ್ಕೂ ಇರುವುದು ಎರಡೇ ಪಾಯಿಂಟ್: ಮೂಲೆಯಲ್ಲಿ ಮೈಕ್ರೊವೇವ್ ಹಿಂದೆ ಅಡಗಿದ 16 ಆಂಪಿಯರ್ ಸಾಕೆಟ್, ಮಧ್ಯದಲ್ಲೊಂದು 6 ಆಂಪಿಯರ್ ಸಾಕೆಟ್. ಮಿಕ್ಸಿ, ಕೆಟಲ್, ವೆಟ್ ಗ್ರೈಂಡರ್, ಇಂಡಕ್ಷನ್ ಒಲೆ ಎಲ್ಲಕ್ಕೂ ಆ ಮಧ್ಯದ ಸಾಕೆಟ್ಟೇ ಗತಿ. ಹೀಗಾದಾಗ ಎಕ್ಸ್‌ಟೆನ್ಶನ್ ಬಾಕ್ಸ್ ಒಂದು ತಾನಾಗಿಯೇ ಕಟ್ಟೆಗೆ ಬಂದು, ಸಿಂಕಿನ ಪಕ್ಕ ಒದ್ದೆಯಲ್ಲೇ ಕೂರುತ್ತದೆ. ಅದನ್ನು ತೆಗೆದು, ಗೋಡೆಗೆ ಪವರ್ ಟ್ರ್ಯಾಕ್ ಕೂರಿಸಿ, ಅದಕ್ಕೆ ಡಿಬಿಯಿಂದಲೇ (ಮನೆಯ ಎಲ್ಲ ಲೈನುಗಳು ಹೊರಡುವ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದಲೇ) ಬೇರೆ ಲೈನ್ ಎಳೆದ ಕೆಲಸದ ವಿವರ ಇದು.

ಟ್ರ್ಯಾಕ್ ನೋಡದವರಿಗೆ ಒಂದು ಮಾತು. ಇದು ಅಲ್ಯೂಮಿನಿಯಂನ ಉದ್ದನೆಯ ಪಟ್ಟಿ. ಒಳಗೆ ಈ ತುದಿಯಿಂದ ಆ ತುದಿಯವರೆಗೆ ಫೇಸ್, ನ್ಯೂಟ್ರಲ್, ಅರ್ಥ್ ಎಂದು ಮೂರು ತಾಮ್ರದ ಪಟ್ಟಿಗಳು ಪ್ಲಾಸ್ಟಿಕ್ ಕವಚದಲ್ಲಿ ಕೂತಿರುತ್ತವೆ. ಮುಂಭಾಗದಲ್ಲಿ ಕಿರಿದಾದ ಸೀಳು. ಸಾಕೆಟ್ ಇರುವ ಅಡಾಪ್ಟರನ್ನು ಸೀಳಿನ ಯಾವ ಜಾಗದಲ್ಲಿ ಬೇಕಾದರೂ ಇಟ್ಟು 90 ಡಿಗ್ರಿ ತಿರುಗಿಸಿದರೆ ಅದರ ನಾಲಿಗೆಗಳು ಒಳಗಿನ ತಾಮ್ರವನ್ನು ಹಿಡಿದುಕೊಳ್ಳುತ್ತವೆ. ಬೇಡವಾದಾಗ ಹಿಂದಕ್ಕೆ ತಿರುಗಿಸಿ ತೆಗೆದು ಇನ್ನೊಂದು ಕಡೆ ಹಾಕಬಹುದು.

ಪಟ್ಟಿಯ ಮೇಲೆ 32 ಎಂದಿದ್ದರೆ

ಮಾರುಕಟ್ಟೆಯ ಬಹಳಷ್ಟು ಟ್ರ್ಯಾಕ್‌ಗಳ ಮೇಲೆ 32 ಆಂಪಿಯರ್, ಸುಮಾರು 7 ಕಿಲೊವ್ಯಾಟ್ ಎಂದು ಬರೆದಿರುತ್ತದೆ. ಕೊಳ್ಳುವವರು ಅದನ್ನು ನೋಡಿ ಹಿಂದೆ 32 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕತ್ತರಿಸುವ ಸ್ವಿಚ್) ಹಾಕಿಸುತ್ತಾರೆ. ನಮ್ಮಲ್ಲಿ ಅದು ಅಪಾಯ, ಕಾರಣ ಹೀಗಿದೆ. ಬ್ರಿಟನ್, ಸಿಂಗಪುರ, ಮಲೇಷ್ಯಾಗಳ 13 ಆಂಪಿಯರ್ ಚಪ್ಪಟೆ ಪಿನ್ನಿನ ಪ್ಲಗ್ ಒಳಗೇ ಒಂದು ಫ್ಯೂಸ್ ಇರುತ್ತದೆ. ಹಿಂದಿನ ಲೈನು 32 ಆಂಪಿಯರ್‌ನದಾದರೂ ಒಂದೊಂದು ಉಪಕರಣವನ್ನು ಅದರದರ ಫ್ಯೂಸ್ ಕಾಯುತ್ತದೆ. ನಮ್ಮ ದುಂಡು ಪಿನ್ನಿನ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. 6 ಆಂಪಿಯರ್ ಅಡಾಪ್ಟರಿಗೆ ಯಾರೋ ಮಲ್ಟಿಪ್ಲಗ್ ಸಿಕ್ಕಿಸಿ ಕೆಟಲ್, ಟೋಸ್ಟರ್ ಎರಡನ್ನೂ ಹಚ್ಚಿದರೆ ಅಡಾಪ್ಟರಿನ ನಾಲಿಗೆ ಬಿಸಿಯೇರುತ್ತದೆ, ಪ್ಲಾಸ್ಟಿಕ್ ಕಂದಾಗುತ್ತದೆ. 32 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಭಾರತದ ಮನೆಯಲ್ಲಿ ಟ್ರ್ಯಾಕ್‌ನ ಹಿಂದೆ ಇರಬೇಕಾದದ್ದು 16 ಆಂಪಿಯರ್ ಎಂಸಿಬಿ, ಜೊತೆಗೆ ಆ 16 ಆಂಪಿಯರನ್ನು ತಾಳುವ ಅಡಾಪ್ಟರ್. ಪಟ್ಟಿಯ 32 ಎಂಬ ಸಂಖ್ಯೆಯನ್ನು ಒಳಗಿನ ತಾಮ್ರಕ್ಕೆ ಇರುವ ಹೆಚ್ಚುವರಿ ಕಸುವು ಎಂದಷ್ಟೇ ತಿಳಿಯಿರಿ. ಎಷ್ಟು ಎಳೆಯಬಹುದು ಎಂದು ತೀರ್ಮಾನಿಸುವುದು ಎಂಸಿಬಿ, ವೈರು ಮತ್ತು ಅಡಾಪ್ಟರ್, ಈ ಮೂರರಲ್ಲಿ ಯಾವುದು ಚಿಕ್ಕದೋ ಅದು.

230 ವೋಲ್ಟಿಗೆ ಲೆಕ್ಕ ಹಾಕಿ ನೋಡೋಣ. 2000 ವ್ಯಾಟ್ ಇಂಡಕ್ಷನ್ ಒಲೆ 8.7 ಆಂಪಿಯರ್. 750 ವ್ಯಾಟ್ ಮಿಕ್ಸಿ 3.3. ಎರಡೂ ಸೇರಿ 12, ನೆಮ್ಮದಿ. ಅದರ ಜೊತೆಗೆ 1500 ವ್ಯಾಟ್ ಕೆಟಲ್ ಹಚ್ಚಿದರೆ ಇನ್ನೂ 6.5, ಒಟ್ಟು 18.5 ಆಂಪಿಯರ್. ಇಷ್ಟಕ್ಕೆ ಎಂಸಿಬಿ ತಕ್ಷಣ ಬೀಳುತ್ತದೆ ಎಂದುಕೊಂಡರೆ ತಪ್ಪು. ಮನೆಬಳಕೆಯ ಎಂಸಿಬಿ ತನ್ನ ರೇಟಿಂಗಿನ 1.13 ಪಟ್ಟಿನವರೆಗೆ, ಅಂದರೆ 18 ಆಂಪಿಯರ್‌ವರೆಗೆ ಒಂದು ಗಂಟೆಯಾದರೂ ಬೀಳಬಾರದು. ಗಂಟೆಯೊಳಗೆ ಬೀಳಲೇಬೇಕಾದದ್ದು 1.45 ಪಟ್ಟಿಗೆ, ಅಂದರೆ 23.2 ಆಂಪಿಯರಿಗೆ. ನಡುವಿನ ಈ ಜಾಗದಲ್ಲಿ ವೈರು ಬಹಳ ಹೊತ್ತು ಬಿಸಿಯಾಗಿಯೇ ಇರಬಹುದು. ಅದಕ್ಕಾಗಿಯೇ 16 ಆಂಪಿಯರ್ ಎಂಸಿಬಿಗೂ 2.5 ಬದಲು 4 ಚದರ ಮಿ.ಮೀ. ವೈರ್ ಎಳೆದದ್ದು. ಹನ್ನೆರಡು ಮೀಟರ್ ದೂರಕ್ಕೆ ವೋಲ್ಟೇಜ್ ಇಳಿತ 2.5ರಲ್ಲೂ ಸುಮಾರು 3 ವೋಲ್ಟ್ ಅಷ್ಟೇ. ಇಲ್ಲಿ ಯೋಚಿಸಬೇಕಾದದ್ದು ಬಿಸಿಯ ಬಗ್ಗೆ.

ಎಂಸಿಬಿ ಸಿ ಕರ್ವ್‌ನದೇ (ಕ್ಷಣಿಕ ಎಳೆತವನ್ನು ಬಿ ಕರ್ವ್‌ಗಿಂತ ಹೆಚ್ಚು ಸಹಿಸುವ ಬಗೆ) ಇರಲಿ. ಮಿಕ್ಸಿ ಮೋಟರ್ ಶುರುವಾಗುವ ಕ್ಷಣದ ಎಳೆತಕ್ಕೆ ಬಿ ಕರ್ವ್ ಸುಮ್ಮಸುಮ್ಮನೆ ಬೀಳಬಹುದು.

ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಬೇಕಾದದ್ದು

ಟ್ರ್ಯಾಕ್‌ಗೆ ಐಇಸಿ 61534, ಅಡಾಪ್ಟರಿನ ಸಾಕೆಟ್ ಭಾಗಕ್ಕೆ ಐಎಸ್ 1293: ಈ ಎರಡು ಗುಣಮಟ್ಟದ ಸಂಖ್ಯೆಗಳನ್ನು ಮೊದಲು ಕೇಳಿ. ಆಮೇಲೆ ಮಾಲನ್ನು ಕೈಗೆತ್ತಿಕೊಳ್ಳಿ.

ತುದಿಯ ಮುಚ್ಚಳ ಬಿಚ್ಚಿಸಿ ಒಳಗಿನ ಪಟ್ಟಿಗಳನ್ನು ನೋಡಿ, ಚಿಕ್ಕ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರದ ಲೇಪನ ಹೊಡೆದ ಕಬ್ಬಿಣ; ಅಲ್ಲೇ ಬಿಟ್ಟು ಬನ್ನಿ. ಸೀಳಿನ ಉದ್ದಕ್ಕೂ ರಬ್ಬರ್ ತುಟಿ ಇರುವ ಮಾದರಿಯನ್ನೇ ಆರಿಸಿ. ನಮ್ಮ ಅಡುಗೆಮನೆಯಲ್ಲಿ ಇರುವೆ, ಜಿರಳೆ, ಹಲ್ಲಿಮರಿ ಮೂರಕ್ಕೂ ಬೆಚ್ಚಗಿನ ಸೀಳು ಕಂಡರೆ ಇಷ್ಟ. ಒಗ್ಗರಣೆಯ ಎಣ್ಣೆ ಹಬೆ ಬೇರೆ. ತುಟಿ ಇದ್ದರೂ ಇದು ನೀರು ತಡೆಯುವ ವಸ್ತು ಅಲ್ಲವೆಂಬುದು ನೆನಪಿರಲಿ.

ಅಡಾಪ್ಟರ್ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಟ್ರ್ಯಾಕ್ ಕೆಡುವುದು ಬಹುತೇಕ ಅಲ್ಲೇ. ಸೀಳಿಗೆ ಇಟ್ಟು ತಿರುಗಿಸಿದಾಗ ಕೊನೆಯಲ್ಲಿ ಸ್ಪಷ್ಟವಾದ ಟಕ್ ಎಂಬ ಸದ್ದಿನೊಂದಿಗೆ ನಿಲ್ಲಬೇಕು, ಆಮೇಲೆ ಅಲುಗಾಡಬಾರದು. ಅದನ್ನೇ 180 ಡಿಗ್ರಿ ಉಲ್ಟಾ ಹಿಡಿದು ಹಾಕಲು ನೋಡಿ. ಒಳ್ಳೆಯ ಮಾದರಿ ಒಳಗೆ ಹೋಗುವುದೇ ಇಲ್ಲ. ಅಗ್ಗದ ಕೆಲವು ಎರಡೂ ಬದಿಯಿಂದ ಕೂರುತ್ತವೆ, ಆಗ ಫೇಸ್ ಇರಬೇಕಾದಲ್ಲಿ ನ್ಯೂಟ್ರಲ್ ಬರುತ್ತದೆ. ಅಡಾಪ್ಟರಿನ ಹಿಂದಿನ ನಾಲಿಗೆಗಳನ್ನು ಗಮನಿಸಿ: ತಿರುಗಿಸುವಾಗ ಅರ್ಥ್ ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು.

'ಯೂನಿವರ್ಸಲ್' ಅಡಾಪ್ಟರ್, ಅಂದರೆ ಎಲ್ಲ ದೇಶದ ಪ್ಲಗ್ಗೂ ಹೋಗುವಂಥದ್ದು, ಅಡುಗೆಮನೆಗೆ ಬೇಡ. ನಮ್ಮ 6 ಆಂಪಿಯರ್ ಪ್ಲಗ್ಗಿನ ಫೇಸ್–ನ್ಯೂಟ್ರಲ್ ಪಿನ್ನಿನ ದಪ್ಪ ಸುಮಾರು 5 ಮಿ.ಮೀ., ನಡುವಿನ ಅಂತರ 19 ಮಿ.ಮೀ. 16 ಆಂಪಿಯರಿನದು 7 ಮಿ.ಮೀ. ದಪ್ಪ, 25.4 ಮಿ.ಮೀ. ಅಂತರ. ದುಂಡು ಪಿನ್ನಿಗೂ ಚಪ್ಪಟೆ ಪಿನ್ನಿಗೂ ಒಂದೇ ತೂತು ಮಾಡಿದ ಸಾಕೆಟ್ಟು ಯಾವುದನ್ನೂ ಸುತ್ತುವರಿದು ಹಿಡಿಯುವುದಿಲ್ಲ. ಒಂದೆರಡು ಬಿಂದುಗಳಲ್ಲಿ ಮಾತ್ರ ತಾಗುತ್ತದೆ. ಇಂಡಕ್ಷನ್ ಒಲೆಯ ಕರೆಂಟು ಆ ಬಿಂದುಗಳಲ್ಲೇ ಹರಿದು ಕಾಯುತ್ತದೆ. 16 ಆಂಪಿಯರ್ ಪ್ಲಗ್ ಅಂತೂ ಒಳಗೆ ಹೋಗುವುದೇ ಇಲ್ಲ. ಐಎಸ್ 1293 ಪ್ರಕಾರದ 6/16 ಆಂಪಿಯರ್ ಅಡಾಪ್ಟರ್ (ನಮ್ಮ ಎರಡೂ ಪ್ಲಗ್ ಹೋಗುವಂಥದ್ದು) ಸಿಗುವ ಬ್ರಾಂಡನ್ನೇ ಆರಿಸಿ. ಅದು ಸಿಗದಿದ್ದರೆ ಅಡುಗೆಮನೆಗೆ ಟ್ರ್ಯಾಕ್ ಯೋಚನೆಯನ್ನೇ ಕೈಬಿಟ್ಟು ನಾಲ್ಕು ಮಾಮೂಲಿ 6/16 ಸಾಕೆಟ್ ಹಾಕಿಸುವುದು ಒಳ್ಳೆಯದು.

ಒಂದು ಬ್ರಾಂಡಿನ ಅಡಾಪ್ಟರ್ ಇನ್ನೊಂದರ ಟ್ರ್ಯಾಕ್‌ಗೆ ಹೊಂದುತ್ತದೆಂಬ ಭರವಸೆ ಇಲ್ಲ. ಐದು ವರ್ಷದ ಮೇಲೆ ಒಂದು ಅಡಾಪ್ಟರ್ ಸುಟ್ಟರೆ ಅದೇ ಮಾದರಿ ಸಿಗದೆ ಇಡೀ ಟ್ರ್ಯಾಕ್ ನಿರುಪಯೋಗವಾದೀತು. ಬೇಕಾದಷ್ಟರ ಮೇಲೆ ಎರಡು ಹೆಚ್ಚಾಗಿ ಈಗಲೇ ತೆಗೆದಿಟ್ಟುಕೊಳ್ಳಿ.

ಓದುವ ಮೇಜಿಗೆ ಬೇಕಾದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. 50–60 ಸೆಂ.ಮೀ. ಟ್ರ್ಯಾಕ್, 6 ಆಂಪಿಯರ್ ಅಡಾಪ್ಟರ್ ಮೂರು, ಯುಎಸ್‌ಬಿಯದೊಂದು, 1.5 ಚದರ ಮಿ.ಮೀ. ವೈರು, 6 ಆಂಪಿಯರ್ ಎಂಸಿಬಿ ಸಾಕು. ಲ್ಯಾಪ್‌ಟಾಪ್, ರೂಟರ್‌ಗಳಿಗಾದ್ದರಿಂದ ಯುಪಿಎಸ್ ಲೈನಿನಲ್ಲೂ ಕೊಡಬಹುದು.

ಜಾಗ

ಕಟ್ಟೆಯ ಎಡತುದಿಯಲ್ಲಿ ಎರಡೂವರೆ ಅಡಿ ಒಲೆಗೆ, ಬಲತುದಿಯಲ್ಲಿ ಎರಡು ಅಡಿ ಸಿಂಕಿಗೆ. ನಡುವೆ ಉಳಿದದ್ದು ಆರೂವರೆ ಅಡಿ, ಅಂದರೆ 198 ಸೆಂ.ಮೀ. ಒಂದು ಮೀಟರ್ ಟ್ರ್ಯಾಕನ್ನು ಸರಿಯಾಗಿ ನಡುವೆ ಇಟ್ಟರೆ ಎರಡೂ ಕಡೆ ಅರ್ಧ ಮೀಟರ್ ಅಂತರ ಸಿಗುತ್ತದೆ. ಒಂದೂವರೆ ಅಡಿಗಿಂತ ಹತ್ತಿರ ಬೇಡ. ಜಾಗ ಕಡಿಮೆಯಿದ್ದರೆ ಟ್ರ್ಯಾಕ್ 60 ಅಥವಾ 80 ಸೆಂ.ಮೀ.ಗೆ ಇಳಿಯಲಿ, ಅಂತರ ಹಾಗೇ ಉಳಿಯಲಿ.

ಎತ್ತರ ಕಟ್ಟೆಯಿಂದ 25 ಸೆಂ.ಮೀ. ಇದಕ್ಕಿಂತ ಕೆಳಗೆ ಹೋದರೆ ಕಟ್ಟೆ ಒರೆಸುವ ಬಟ್ಟೆ, ಹಿಟ್ಟು, ನೀರು ತಾಗುತ್ತವೆ. ತುಂಬ ಮೇಲಕ್ಕೆ, ಕ್ಯಾಬಿನೆಟ್ಟಿನ ಅಡಿಗೇ ಹಾಕಿದರೆ ಮಿಕ್ಸಿಯ ವೈರ್ ಮೇಲಿನಿಂದ ಜೋತುಬಿದ್ದು ಒಲೆಯ ಕಡೆ ಸರಿಯುತ್ತದೆ.

ತೂತು ಹಾಕುವ ಮೊದಲು ಗೋಡೆ ಯಾವುದು ಎಂದು ತಿಳಿದುಕೊಳ್ಳಿ. ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್ ಆದರೆ ತೊಂದರೆಯಿಲ್ಲ. ಹಾಲೋ ಬ್ಲಾಕ್ ಆದರೆ ಮಾಮೂಲಿ ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ) ಹಿಡಿಯುವುದಿಲ್ಲ, ಒಳಗೆ ಅರಳಿಕೊಳ್ಳುವ ಆಂಕರ್ ಬೇಕು. ಈಚಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ 'ಮೈವಾನ್' ಎನ್ನುವ ಅಲ್ಯೂಮಿನಿಯಂ ಶಟರಿಂಗಿನ ಕಾಂಕ್ರೀಟ್ ಗೋಡೆ ಇರುತ್ತದೆ. ಅದು ಕಟ್ಟಡದ ಭಾರ ಹೊರುವ ಗೋಡೆ, ಒಳಗೆ ಕಂಬಿ ಇದೆ. ಅದನ್ನು ಕೊರೆದು ಪೈಪ್ ಹೂಳಲೇಬಾರದು. ಮೇಲೆಯೇ ಪಿವಿಸಿ ಕೇಸಿಂಗ್ ಪಟ್ಟಿಯಲ್ಲಿ ವೈರ್ ತನ್ನಿ. ಯಾವ ಗೋಡೆಯಾದರೂ ನಲ್ಲಿಯ ನೇರಕ್ಕೆ ಮೇಲೆ–ಕೆಳಗೆ, ಹಳೆಯ ಸಾಕೆಟ್ಟಿನ ನೇರಕ್ಕೆ ಮೇಲೆ–ಕೆಳಗೆ ಡ್ರಿಲ್ ಇಡಬೇಡಿ. ಪೈಪುಗಳು ಸಾಮಾನ್ಯವಾಗಿ ನೆಟ್ಟಗೆ ಇಳಿಯುವುದು ಅಲ್ಲೇ.

ಸಾಮಾನು

ಒಂದು ಮೀಟರ್ ಟ್ರ್ಯಾಕ್, ಗೋಡೆಯ ಮೇಲೆ ಕೂರುವ ಮಾದರಿ, ಎಡತುದಿಯಿಂದ ಸಪ್ಲೈ
6/16 ಆಂಪಿಯರ್ ಅಡಾಪ್ಟರ್ 4, ಜೊತೆಗೆ ಎತ್ತಿಡಲು 2
4 ಚದರ ಮಿ.ಮೀ. ಎಫ್‌ಆರ್ (ಬೆಂಕಿ ಸುಲಭವಾಗಿ ಹರಡದ) ತಾಮ್ರದ ವೈರ್ ಕೆಂಪು, ಕಪ್ಪು, ಹಸಿರು ತಲಾ 14 ಮೀಟರ್
16 ಆಂಪಿಯರ್ ಸಿ ಕರ್ವ್ ಎಂಸಿಬಿ 1
20 ಆಂಪಿಯರ್ ಡಬಲ್ ಪೋಲ್ ಸ್ವಿಚ್, ಇಂಡಿಕೇಟರ್ ಇರುವುದು, ಅದಕ್ಕೆ ಪ್ಲೇಟ್ ಮತ್ತು ಬಾಕ್ಸ್
4 ಚದರ ಮಿ.ಮೀ.ಗೆ ಹೊಂದುವ ಪಿನ್ ಥಿಂಬಲ್ (ವೈರ್ ತುದಿಗೆ ಒತ್ತಿ ಕೂರಿಸುವ ಲೋಹದ ಪಿನ್) 12
6 ಮಿ.ಮೀ. ಗಿಟ್ಟಿ ಮತ್ತು ಸ್ಕ್ರೂ ತಲಾ 4, ತೆಳು ಪ್ಲಾಸ್ಟಿಕ್ ವಾಷರ್ ಹತ್ತಿಪ್ಪತ್ತು

ಡಬಲ್ ಪೋಲ್ ಸ್ವಿಚ್ ಬಿಡಬೇಡಿ. ಟ್ರ್ಯಾಕ್‌ನ ಅಡಾಪ್ಟರುಗಳಿಗೆ ನಮ್ಮ ಸಾಕೆಟ್ಟುಗಳ ಹಾಗೆ ಪಕ್ಕದಲ್ಲಿ ಸ್ವಿಚ್ ಇರುವುದು ಅಪರೂಪ. ಅಡಾಪ್ಟರ್ ಜಾಗ ಬದಲಿಸುವಾಗಲೂ ಒರೆಸುವಾಗಲೂ ಫೇಸ್–ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವ ಒಂದು ಸ್ವಿಚ್ ಕೈಗೆ ಸಿಗುವಂತಿರಬೇಕು. ಸಿಂಕಿನ ಎದುರು ತುದಿಗೆ, ಆದರೆ ಒಲೆಯ ಮೇಲೆ ಕೈಚಾಚದೆ ಸಿಗುವ ಜಾಗದಲ್ಲಿ ಹಾಕಿ.

ಡಿಬಿಯಿಂದ ಲೈನ್

ಇದು ಪರ್ಮಿಟ್ ಇರುವ ವೈರ್‌ಮನ್ ಮಾಡಬೇಕಾದ ಭಾಗ. ಏನು ನಡೆಯಬೇಕೆಂದು ಮನೆಯವರಿಗೂ ಗೊತ್ತಿದ್ದರೆ ಕೆಲಸ ಸರಿಯಾಗುತ್ತದೆ.

ಮೊದಲು ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೊವ್ಯಾಟ್ ಎಂದು ನೋಡಿ. ಗೀಸರ್, ಇಂಡಕ್ಷನ್ ಎರಡೂ ಬೆಳಗ್ಗೆ ಒಟ್ಟಿಗೆ ಓಡುವ ಮನೆಯಲ್ಲಿ 3 ಕಿಲೊವ್ಯಾಟ್ ಸಾಲದು. ಲೋಡ್ ಹೆಚ್ಚಿಸಲು ಅರ್ಜಿ ಕೊಡಬೇಕಾಗುತ್ತದೆ. ಡಿಬಿಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಬಿದ್ದು ಶಾಕ್‌ನಿಂದ ಕಾಪಾಡುವ ಸ್ವಿಚ್) ಇದೆಯೇ ನೋಡಿ. ಇದ್ದರೆ ಹೊಸ ಎಂಸಿಬಿಯನ್ನು ಅದರ ಕೆಳಗೆ ಜೋಡಿಸಿದರೆ ಆಯಿತು. ಇಲ್ಲದಿದ್ದರೆ ಎಂಸಿಬಿ ಬದಲು 16 ಆಂಪಿಯರ್, 30 ಮಿಲಿಆಂಪಿಯರ್ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವಂಥದ್ದು) ಹಾಕಿಸಿ. ಒದ್ದೆ ಕೈಯಲ್ಲಿ ಮುಟ್ಟುವ ಜಾಗದಲ್ಲಿ ಲೋಹದ ಮೈಯ ಪಟ್ಟಿ ಕೂರಿಸುತ್ತಿದ್ದೀರಿ. ಇದರಲ್ಲಿ ರಾಜಿ ಬೇಡ. ಅದೇ ಕಾರಣಕ್ಕೆ, ಎರಡೇ ವೈರಿನ ಹಳೆಯ ವೈರಿಂಗ್ ಇದ್ದು ಅರ್ಥ್ ಬಂದಿಲ್ಲದ ಮನೆಯಲ್ಲಿ ಅರ್ಥಿಂಗ್ ಮಾಡಿಸುವವರೆಗೆ ಟ್ರ್ಯಾಕ್ ಹಾಕಬಾರದು.

ಯುಪಿಎಸ್ ಇರುವ ಮನೆಗಳಲ್ಲಿ ನ್ಯೂಟ್ರಲ್ ಅದಲುಬದಲು ಆಗುವುದು ಬಹಳ ಸಾಮಾನ್ಯ. ಅಡುಗೆಮನೆಯ ಲೈಟಿಗೆ ಯುಪಿಎಸ್ ನ್ಯೂಟ್ರಲ್ ಬಂದಿರುತ್ತದೆ. ಹತ್ತಿರ ಸಿಕ್ಕಿತೆಂದು ಟ್ರ್ಯಾಕ್‌ಗೂ ಅದನ್ನೇ ಕೊಟ್ಟುಬಿಡುತ್ತಾರೆ. ಫೇಸ್ ಆರ್‌ಸಿಸಿಬಿಯೊಳಗಿಂದ ಹೋಗಿ ನ್ಯೂಟ್ರಲ್ ಬೇರೆ ದಾರಿಯಲ್ಲಿ ಮರಳಿದರೆ ಆರ್‌ಸಿಸಿಬಿಗೆ ಅದು ಲೀಕೇಜ್ ಥರವೇ ಕಾಣುತ್ತದೆ, ಮಿಕ್ಸಿ ಹಾಕಿದ ಕೂಡಲೇ ಮನೆಯೆಲ್ಲ ಕತ್ತಲು. ಡಿಬಿಯಲ್ಲಿ ಆರ್‌ಸಿಸಿಬಿ ದಾಟಿದ ನ್ಯೂಟ್ರಲ್ ಬಾರಿನಿಂದಲೇ (ಆರ್‌ಸಿಬಿಒ ಹಾಕಿದ್ದರೆ ಅದರ ನ್ಯೂಟ್ರಲ್ ಟರ್ಮಿನಲ್ಲಿನಿಂದಲೇ) ಬೇರೆ ಕಪ್ಪು ವೈರ್ ಎಳೆಯಿರಿ.

ಹಳೆಯ ಪೈಪಿನಲ್ಲಿ ಜಾಗ ಇದ್ದರೆ ಸ್ಪ್ರಿಂಗ್ ಹಾಕಿ ಮೂರೂ ವೈರನ್ನು ಒಟ್ಟಿಗೆ ಎಳೆಯಬಹುದು. ಒಂದೊಂದಾಗಿ ಎಳೆದರೆ ಎರಡನೆಯದು ಮೊದಲನೆಯದರ ಸಿಪ್ಪೆ ಕೆರೆಯುತ್ತದೆ. ನಡುವೆ ಎಲ್ಲೂ ಜಾಯಿಂಟ್ ಬೇಡ.

ಗೋಡೆಗೆ ಕೂರಿಸುವುದು

ಟೈಲ್ಸ್ ಮೇಲೆ ರಸಮಟ್ಟ ಇಟ್ಟು ಗೆರೆ ಎಳೆದು, ತೂತಿನ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ತುದಿಗಳಿಂದ 5 ಸೆಂ.ಮೀ. ಒಳಗೆ ಒಂದೊಂದು, ನಡುವೆ 30 ಸೆಂ.ಮೀ.ಗೆ ಒಂದೊಂದು, ಒಟ್ಟು ನಾಲ್ಕು ತೂತು. ಟೈಲಿನ ಅಂಚಿಗೆ ಒಂದಿಂಚಿನೊಳಗೆ ಬಂದರೆ ತೂತನ್ನು ಸರಿಸಿ, ಇಲ್ಲವಾದರೆ ಮೂಲೆ ಸೀಳುತ್ತದೆ. ಟೈಲ್ ದಾಟುವವರೆಗೆ ಹ್ಯಾಮರ್ ಬಂದ್, ನಿಧಾನ ವೇಗ. ಸೆರಾಮಿಕ್ ಟೈಲಿಗೆ ಕಾರ್ಬೈಡ್ ತುದಿಯ ಬಿಟ್ ಸಾಕು, ವಿಟ್ರಿಫೈಡ್ ಆದರೆ ಡೈಮಂಡ್ ಬಿಟ್ ಬೇಕು. ಟೈಲ್ ದಾಟಿದ ಮೇಲೆ ಮಾಮೂಲಿ 6 ಮಿ.ಮೀ. ಬಿಟ್ಟಿಗೆ ಬದಲಿಸಿ ಹ್ಯಾಮರ್ ಹಚ್ಚಿ.

ಇನ್ನು ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಹಂತ. ಕಟ್ಟೆಯ ಮೇಲಿನ ಗೋಡೆಗೆ ಹಚ್ಚಿದ ಡ್ಯಾಡೋ ಟೈಲ್ಸ್ ಒಂದೇ ಮಟ್ಟದಲ್ಲಿ ಇರುವುದು ಕಡಿಮೆ. ಒಂದು ಮೀಟರಿನೊಳಗೆ ಎರಡು ಮಿ.ಮೀ. ಏರುಪೇರು ಸಾಮಾನ್ಯ. ಟ್ರ್ಯಾಕನ್ನು ಹಾಗೇ ಇಟ್ಟು ಸ್ಕ್ರೂ ಬಿಗಿದರೆ ತಗ್ಗಿರುವ ಕಡೆ ಅಲ್ಯೂಮಿನಿಯಂ ಗೋಡೆಯತ್ತ ಬಾಗುತ್ತದೆ. ಬಾಗಿದಲ್ಲಿ ಸೀಳಿನ ಅಗಲ ಕೂದಲೆಳೆಯಷ್ಟು ಕಿರಿದಾಗುತ್ತದೆ, ಒಳಗಿನ ತಾಮ್ರದ ಪಟ್ಟಿಯೂ ತುಸು ತಿರುಚಿಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣದು. ಅಡಾಪ್ಟರ್ ಮಾತ್ರ ಅಲ್ಲಿಗೆ ಬಂದಾಗ ಮುಕ್ಕಾಲು ತಿರುಗಿ ನಿಂತುಬಿಡುತ್ತದೆ. ಕೂತಿದೆ ಎಂದೇ ಅನ್ನಿಸುತ್ತದೆ, ಇಂಡಿಕೇಟರ್ ಕೂಡ ಉರಿಯುತ್ತದೆ, ಆದರೆ ನಾಲಿಗೆ ತಾಮ್ರವನ್ನು ಅಂಚಿನಲ್ಲಿ ಮಾತ್ರ ಮುಟ್ಟಿರುತ್ತದೆ. ಮೊಬೈಲ್ ಚಾರ್ಜರಿಗೆ ಸಾಕಾಗುವ ಆ ಸ್ಪರ್ಶ ಇಂಡಕ್ಷನ್ ಒಲೆಗೆ ಸಾಲುವುದಿಲ್ಲ, ಅಲ್ಲೇ ಕಿಡಿ, ಅಲ್ಲೇ ಕಪ್ಪು.

ಅದಕ್ಕೇ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಟ್ರ್ಯಾಕ್‌ನ ಹಿಂದೆ ಎಲ್ಲೆಲ್ಲಿ ಸಂದು ಇದೆಯೋ ಅಲ್ಲಿ ಸ್ಕ್ರೂವಿಗೇ ವಾಷರ್ ತುರುಕಿ, ಆಮೇಲೆ ಕೈ ಬಿಗಿತಕ್ಕೆ ಮಾತ್ರ ತಿರುಗಿಸಿ. ಡ್ರಿಲ್ ಮೆಷಿನ್ನಿನಿಂದ ಬಿಗಿಯಬೇಡಿ. ಒಂದು ಅಡಾಪ್ಟರನ್ನು ಹತ್ತು ಸೆಂ.ಮೀ.ಗೊಂದು ಜಾಗದಲ್ಲಿ ಹಾಕಿ ತೆಗೆದು ನೋಡಿ. ಎಲ್ಲ ಕಡೆ ಒಂದೇ ಬಿಗಿ, ಒಂದೇ ಟಕ್ ಬರಬೇಕು.

ವೈರ್ ತುದಿಗೆ ಪಿನ್ ಥಿಂಬಲ್ ಕ್ರಿಂಪ್ ಮಾಡಿ ಟರ್ಮಿನಲ್ಲಿಗೆ ಕೊಡಿ. ಎಳೆಗಳಿಗೆ ಸೋಲ್ಡರ್ ಹಾಕಿ ಗಟ್ಟಿ ಮಾಡುವ ಹಳೆಯ ಅಭ್ಯಾಸ ಬೇಡ. ಸ್ಕ್ರೂ ಒತ್ತಡದಲ್ಲಿ ಸೋಲ್ಡರ್ ದಿನೇದಿನೇ ಚಪ್ಪಟೆಯಾಗಿ ಹಿಡಿತ ಸಡಿಲಾಗುತ್ತದೆ. ಬಿಗಿದ ಮೇಲೆ ಒಂದೊಂದು ವೈರನ್ನೂ ಎಳೆದು ನೋಡಿ. ಅಲ್ಯೂಮಿನಿಯಂ ಮೈಗೆ ಅರ್ಥ್ ಸಂಪರ್ಕ ಇದೆಯೆಂದು ಖಚಿತ ಮಾಡಿಕೊಂಡು ತುದಿಯ ಮುಚ್ಚಳಗಳನ್ನು ಹಾಕಿ.

ಕರೆಂಟ್ ಕೊಡುವ ಮೊದಲು, ಕೊಟ್ಟ ಮೇಲೆ

ಅಡಾಪ್ಟರುಗಳನ್ನೆಲ್ಲ ತೆಗೆದು, ಎಂಸಿಬಿ ಆಫ್ ಮಾಡಿ, ನ್ಯೂಟ್ರಲ್ಲನ್ನೂ ಬಾರಿನಿಂದ ಬಿಚ್ಚಿ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಹಚ್ಚಿ. ಈ ಹೊತ್ತಿಗೆ ಸ್ವಿಚ್ಚಿನ ಇಂಡಿಕೇಟರ್ ವೈರನ್ನೂ ಬಿಡಿಸಿರಬೇಕು, ಇಲ್ಲದಿದ್ದರೆ ಫೇಸ್–ನ್ಯೂಟ್ರಲ್ ರೀಡಿಂಗ್ ಸುಳ್ಳು ಹೇಳುತ್ತದೆ. ಸ್ವಿಚ್ ಆನ್ ಇಟ್ಟು ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್, ಫೇಸ್–ನ್ಯೂಟ್ರಲ್ ಮೂರೂ ನೋಡಿ. ಕನಿಷ್ಠ 1 ಮೆಗಾಓಮ್. ಹೊಸ ಲೈನಾದ್ದರಿಂದ ಅದಕ್ಕಿಂತ ಬಹಳ ಮೇಲಿರಬೇಕು. ಒಂದೆರಡರ ಆಸುಪಾಸಿನಲ್ಲೇ ನಿಂತರೆ ಪೈಪಿನಲ್ಲಿ ಸಿಪ್ಪೆ ಕೆರೆದಿದೆ ಅಥವಾ ಗೋಡೆಯಲ್ಲಿ ತೇವ ಇದೆ. ಮಲ್ಟಿಮೀಟರಿನಲ್ಲಿ ಅಲ್ಯೂಮಿನಿಯಂ ಮೈಯಿಂದ ಸ್ವಿಚ್ ಬಾಕ್ಸಿನ ಹಸಿರು ವೈರಿಗೆ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಬಣ್ಣದ ಲೇಪನದ ಮೇಲೆ ಅಲ್ಲ, ಸ್ಕ್ರೂ ತಲೆಯ ಮೇಲೆ ಇಟ್ಟು ನೋಡಿ.

ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ಕರೆಂಟ್ ಕೊಟ್ಟು, ಪ್ರತಿ ಅಡಾಪ್ಟರಿನಲ್ಲೂ ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ಥ್ ಅಳೆಯಿರಿ, ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಸರಿ. ಹತ್ತಿಪ್ಪತ್ತು ವೋಲ್ಟ್ ಬಂದರೆ ಎಲ್ಲೋ ನ್ಯೂಟ್ರಲ್ ಸಡಿಲಿದೆ ಅಥವಾ ಅರ್ಥಿಂಗ್ ಸರಿಯಿಲ್ಲ. ಟೆಸ್ಟರ್ ದೀಪ ಉರಿಯಿತು ಎಂಬುದಷ್ಟೇ ಅರ್ಥ್ ಇದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳುತ್ತದೆಯೇ ನೋಡಿ.

ಕೊನೆಗೆ ಲೋಡ್ ಟೆಸ್ಟ್. ಇಂಡಕ್ಷನ್ ಒಲೆಯ ಮೇಲೆ ದೊಡ್ಡ ಪಾತ್ರೆ ನೀರಿಟ್ಟು ಪೂರ್ತಿ ಪವರಿನಲ್ಲಿ ಅರ್ಧ ಗಂಟೆ ಓಡಿಸಿ. ಅಡಾಪ್ಟರಿನ ಮುಖ, ಪ್ಲಗ್ಗು, ಸಪ್ಲೈ ಬರುವ ತುದಿ, ಡಿಬಿಯ ಎಂಸಿಬಿ ನಾಲ್ಕನ್ನೂ ಮುಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿ ಇದ್ದರೆ ಆಫ್ ಮಾಡಿ ಆ ಜಾಗದ ಸಂಪರ್ಕ ಬಿಚ್ಚಿ ನೋಡಿ. ಅಡಾಪ್ಟರ್ ಮಾತ್ರ ಬಿಸಿಯಾದರೆ ಅದನ್ನು ಬೇರೆ ಜಾಗಕ್ಕೆ ಹಾಕಿ ಮತ್ತೆ ಓಡಿಸಿ. ಬಿಸಿ ಅಡಾಪ್ಟರಿನ ಜೊತೆಗೇ ಹೋದರೆ ಅಡಾಪ್ಟರ್ ಕೆಟ್ಟದ್ದು, ಹಳೆಯ ಜಾಗದಲ್ಲೇ ಉಳಿದರೆ ಟ್ರ್ಯಾಕ್ ಅಲ್ಲಿ ಬಾಗಿದೆ.

ಬಳಸುವಾಗ

16 ಆಂಪಿಯರ್ ಪ್ಲಗ್ಗುಗಳು ದಪ್ಪ. ದೊಡ್ಡ ಲೋಡಿನ ಎರಡು ಅಡಾಪ್ಟರುಗಳ ನಡುವೆ ಕನಿಷ್ಠ ಒಂದು ಅಡಾಪ್ಟರಿನಷ್ಟು ಜಾಗ ಬಿಡಿ. ಕರೆಂಟಿರುವಾಗಲೇ ಅಡಾಪ್ಟರ್ ತಿರುಗಿಸಬಹುದು ಎಂದು ಕಂಪನಿಯವರು ಹೇಳಿದರೂ, ಉಪಕರಣ ಆಫ್ ಮಾಡಿ, ಸಾಧ್ಯವಾದರೆ ಡಬಲ್ ಪೋಲ್ ಸ್ವಿಚ್ಚನ್ನೂ ಆಫ್ ಮಾಡಿ ತಿರುಗಿಸಿ. ಲೋಡ್ ಇರುವಾಗ ತಿರುಗಿಸಿದ ಪ್ರತಿ ಸಲವೂ ಒಳಗೆ ಸಣ್ಣ ಕಿಡಿ ಹಾರಿ ತಾಮ್ರದ ಮೇಲೆ ಕಲೆ ಉಳಿಯುತ್ತದೆ. ಒಂದೇ ಕಡೆ ಬಳಸುವ ಅಡಾಪ್ಟರನ್ನು ವರ್ಷಗಟ್ಟಲೆ ಅಲ್ಲೇ ಬಿಡಿ, ತೊಂದರೆಯಿಲ್ಲ.

ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಒಣ ಬ್ರಶ್ಶಿನಿಂದ ಸೀಳಿನ ಧೂಳು ತೆಗೆಯಿರಿ, ಹಿಂಡಿದ ಬಟ್ಟೆಯಿಂದ ಮೇಲ್ಮೈ ಮಾತ್ರ ಒರೆಸಿ. ಕಿಚನ್ ಕ್ಲೀನರನ್ನು ಗೋಡೆಗೆ ನೇರವಾಗಿ ಸ್ಪ್ರೇ ಮಾಡಬೇಡಿ. ಹಬ್ಬದ ಮುಂಚೆ ಟೈಲ್ಸ್ ತೊಳೆದ ಮಾರನೆಯ ದಿನ ಆರ್‌ಸಿಸಿಬಿ ಬೀಳುವುದಕ್ಕೆ ಸಾಮಾನ್ಯ ಕಾರಣ ಸೀಳಿನೊಳಗೆ ಹೋದ ಈ ನೀರೇ. ಹಾಗಾದರೆ ಡಬಲ್ ಪೋಲ್ ಸ್ವಿಚ್ ಆಫ್ ಮಾಡಿ, ಅಡಾಪ್ಟರುಗಳನ್ನೂ ತುದಿಯ ಮುಚ್ಚಳಗಳನ್ನೂ ತೆಗೆದು ಒಂದು ದಿನ ಒಣಗಲು ಬಿಡಿ. ಎಂಸಿಬಿಯನ್ನೂ ಆಫ್ ಮಾಡಿಟ್ಟು, ಮೆಗ್ಗರ್ ರೀಡಿಂಗ್ ಮತ್ತೆ ಮೇಲೇರಿದ ನಂತರವೇ ಕರೆಂಟ್ ಕೊಡಿ. ಟ್ರ್ಯಾಕ್ ಒಣಗಿದ್ದರೂ ಆರ್‌ಸಿಸಿಬಿ ಬೀಳುತ್ತಲೇ ಇದ್ದರೆ ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕಿ ನೋಡಿ. ಹಳೆಯ ಮಿಕ್ಸಿಯ ಅಥವಾ ಗ್ರೈಂಡರಿನ ಮೋಟರ್ ಲೀಕ್ ಆಗುತ್ತಿರುವುದು ಆಗ ಗೊತ್ತಾಗುತ್ತದೆ.

ಡಿಬಿಯ ಮುಚ್ಚಳದ ಮೇಲೆ ಹೊಸ ಎಂಸಿಬಿಯ ನೇರಕ್ಕೆ 'ಅಡುಗೆ ಟ್ರ್ಯಾಕ್, 16 ಆಂಪಿಯರ್, ಒಟ್ಟು 3500 ವ್ಯಾಟ್' ಎಂದು ಬರೆದು ಅಂಟಿಸಿ. ಮುಂದೆ ಯಾರಾದರೂ ಪದೇಪದೇ ಬೀಳುತ್ತದೆಂದು ಅದನ್ನು 32ಕ್ಕೆ ಬದಲಿಸಲು ಬಂದರೆ, ಟ್ರ್ಯಾಕ್‌ನ ಮೇಲೆ ಬರೆದ ಸಂಖ್ಯೆಯ ಬದಲು ಈ ಚೀಟಿಯನ್ನು ತೋರಿಸಿ.